ಕಂಬದ ಪಕ್ಕದ ಹಳದಿ ಚುಕ್ಕೆ

ಲೆನ್ಸಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಅಂಗಡಿಯ ಪರವಾನಗಿ ಪತ್ರದಲ್ಲಿ, ಗಾಜಿನ ಚೌಕಟ್ಟಿನೊಳಗೆ, ಯಾರ ಕಣ್ಣಿಗೂ ಎಟುಕದಷ್ಟು ಎತ್ತರದಲ್ಲಿ ನೇತಾಡುತ್ತಿತ್ತು. ಬೀದಿಯವರಿಗೆಲ್ಲ ಅವನು ಲೆನ್ಸಪ್ಪ. ಅಪ್ಪನ ಕಾಲದ ಕನ್ನಡಕದಂಗಡಿ, ಅಪ್ಪನ ಕಾಲದ ತಿರುಗು ಕುರ್ಚಿ, ಎದುರಿನ ಗೋಡೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಮತ್ತು ಇಪ್ಪತ್ತೊಂಬತ್ತು ವರ್ಷಗಳಿಂದ ಒಂದೇ ಪ್ರಶ್ನೆ. ಗಿರಾಕಿಯ ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮು ಕೂರಿಸಿ, ಅದರೊಳಗೆ ಒಂದು ಗಾಜು ಇಳಿಸಿ, ತೆಗೆದು, ಇನ್ನೊಂದು ಇಳಿಸಿ ಕೇಳುತ್ತಿದ್ದ: “ಮೊದಲನೇದು ಚೆನ್ನಾಗಿತ್ತಾ, ಎರಡನೇದಾ?”

ಊರಿಗೆಲ್ಲ ಹೀಗೆ ನಿರ್ಧಾರ ಮಾಡಿಸುವ ಈ ಮನುಷ್ಯನಿಗೆ, ನಿನಗೆ ನೀನೇ ಒಂದು ನಿರ್ಧಾರ ಮಾಡಿಕೊಳ್ಳಪ್ಪ ಅಂದರೆ ಜ್ವರ ಬರುತ್ತಿತ್ತು. ಮನೆಗೆ ಬಣ್ಣ ಹೊಡೆಸುವುದಕ್ಕೆ ಎರಡು ವರ್ಷ ಮೀನಮೇಷ ಎಣಿಸಿದ. ಅಷ್ಟರಲ್ಲಿ ಇವನು ಮೆಚ್ಚಿಟ್ಟಿದ್ದ ಬಣ್ಣವನ್ನು ಮಾಡುವುದನ್ನೇ ಕಂಪನಿ ನಿಲ್ಲಿಸಿತು. “ನೋಡಿದೆಯಾ, ಹೊಡೆಸಿದ್ದಿದ್ರೆ ಆಮೇಲೆ ಗೋಡೆ ಕೆಟ್ಟಾಗ ಅದೇ ಬಣ್ಣ ಸಿಗ್ತಾನೇ ಇರ್ಲಿಲ್ಲ,” ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

ಅವನು ಹೀಗಾಗಲು ಒಂದು ಕಾರಣವೂ ಇತ್ತು. ಮನೆಯಲ್ಲೇ ಸಿನಿಮಾ ನೋಡುವ ಕ್ಯಾಸೆಟ್ ಯಂತ್ರಗಳು ಹೊಸದಾಗಿ ಬಂದ ಕಾಲದಲ್ಲಿ ಕ್ಯಾಸೆಟ್ಟು ಎರಡು ಥರ ಇದ್ದವು, ಸಣ್ಣದು ಮತ್ತು ದೊಡ್ಡದು. ಸಣ್ಣದರಲ್ಲಿ ಚಿತ್ರ ಚೊಕ್ಕವಾಗಿ ಬರುತ್ತದೆ ಎಂದು ನಾಲ್ಕು ಜನ ತಿಳಿದವರು ಹೇಳಿದರು. ಕಣ್ಣಿನ ಕಸುಬಿನವನಿಗೆ ಚೊಕ್ಕ ಚಿತ್ರಕ್ಕಿಂತ ಬೇರೇನು ಬೇಕು? ಸಣ್ಣದನ್ನೇ ತಂದ. ಊರೆಲ್ಲ ದೊಡ್ಡದನ್ನು ತಂದಿತು. ನೋಡನೋಡುತ್ತಿದ್ದಂತೆ ಬಾಡಿಗೆ ಅಂಗಡಿಗಳಿಂದ ಸಣ್ಣ ಕ್ಯಾಸೆಟ್ಟು ಹೇಳಹೆಸರಿಲ್ಲದಂತೆ ಹೋಯಿತು. ಯಂತ್ರ ಮಾತ್ರ ಗುಂಡುಕಲ್ಲಿನಂತೆ ಗಟ್ಟಿಯಾಗಿ ಉಳಿದು, ಇವತ್ತಿಗೂ ಇಸ್ತ್ರಿಪೆಟ್ಟಿಗೆಗೆ ಆಸನವಾಗಿದೆ.

“ಏನಪ್ಪಾ, ಇಸ್ತ್ರಿ ಸ್ಟ್ಯಾಂಡು ಚೊಕ್ಕವಾಗಿ ಚಿತ್ರ ತೋರಿಸ್ತಿದೆಯಾ?” ಎಂದು ಮನೆಗೆ ಬಂದಾಗಲೆಲ್ಲ ಅದರ ಬೆನ್ನು ತಟ್ಟುವವಳು ಅವನ ಅಕ್ಕ. ಆರು ವರ್ಷ ದೊಡ್ಡವಳು, ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತಿಯಾದವಳು. ಸೀಟಿ ಕೊರಳಿಂದ ಇಳಿದಿದ್ದರೂ ಗಂಟಲಿಂದ ಇಳಿದಿರಲಿಲ್ಲ. ಎರಡು ಬೀದಿಯಾಚೆ ಮನೆ. ಪ್ರತಿ ಭಾನುವಾರ ತಮ್ಮನ ಮನೆಯಲ್ಲಿ ಊಟ, ಊಟದ ಜೊತೆಗೆ ತಮ್ಮನನ್ನೂ ಅವನ ಹೆಂಡತಿಯನ್ನೂ ಗೋಳು ಹುಯ್ದುಕೊಳ್ಳುವುದು.

ಲೆನ್ಸಪ್ಪ ಹಿಂದುಮುಂದು ನೋಡದೆ ಮಾಡಿದ ಕೆಲಸ ಬದುಕಿನಲ್ಲಿ ಒಂದೇ, ಅದು ಮದುವೆ. ಒಂದು ಬೆಳಗ್ಗೆ ಹತ್ತೊಂಬತ್ತರ ಹುಡುಗಿಯೊಬ್ಬಳು ಮುರಿದ ಕನ್ನಡಕ ಹಿಡಿದು ಅಂಗಡಿಗೆ ಬಂದಿದ್ದಳು. ಕಂದು ಬಣ್ಣದ ಫ್ರೇಮು, ಎರಡೂ ಮೂಲೆಯಲ್ಲಿ ಚಿಕ್ಕ ಬಿಳಿ ನಕ್ಷತ್ರ, ಎಡಗಡೆ ಕಡ್ಡಿ ಬುಡದಲ್ಲೇ ಮುರಿದು ದಾರ ಸುತ್ತಿಸಿಕೊಂಡಿತ್ತು. “ಬಸ್ಸಲ್ಲಿ ನೂಕುನುಗ್ಗಲು, ಮುರಿದುಹೋಯ್ತು,” ಎಂದಳು, ಅವನ ಕಡೆಗಲ್ಲದೆ ಅವನ ಪಕ್ಕದಲ್ಲಿದ್ದ ಗೋಡೆ ಗಡಿಯಾರದ ಕಡೆ ನೋಡಿ. ಕನ್ನಡಕವಿಲ್ಲದೆ ಅವಳಿಗೆ ಎರಡು ಮಾರು ದೂರದ ಮನುಷ್ಯನಿಗೂ ಗಡಿಯಾರಕ್ಕೂ ಭೇದ ಗೊತ್ತಾಗುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಲೆನ್ಸಪ್ಪ ಮೂರು ಸಲ ನಾಳೆ ಬನ್ನಿ ಅಂದ. ನಾಲ್ಕನೆಯ ದಿನ ಅವನ ಅಪ್ಪನೇ ಕಡ್ಡಿ ಹಾಕಿಕೊಟ್ಟು, “ಮಗೂ, ನಿಮ್ಮ ತಂದೆ ಮನೇಲಿ ಯಾವಾಗ ಇರ್ತಾರೆ?” ಎಂದು ಕೇಳಿದರು.

ಆ ಹುಡುಗಿ ಈಗ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿ ನಂಬರು ಬರೆಯುತ್ತಾಳೆ. ಮೆತ್ತಗಿನ ಹೆಂಗಸು. ಅವಳಿಗೆ ಹಟ ಅಂತ ಇದ್ದದ್ದು ಒಂದೇ ವಿಷಯದಲ್ಲಿ. ಮದುವೆಗೆ ಮುಂಚೆ, ಕಾಲೇಜಿಗೆ ಚಕ್ಕರ್ ಹೊಡೆದು, ಗೆಳತಿಯ ಜೊತೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಅವಳೊಂದು ಸಿನಿಮಾದಲ್ಲಿ ನಿಂತು ಬಂದಿದ್ದಳು. ನಟಿಸಿದ್ದಳು ಅಂದರೆ ಹೆಚ್ಚಾದೀತು, ನಿಂತಿದ್ದಳು. ನಾಯಕ ಊರು ಬಿಟ್ಟು ಹೊರಡುತ್ತಾನೆ, ಪ್ಲಾಟ್‌ಫಾರಂ ತುಂಬ ಜನ ರೈಲಿಗೆ ಕೈ ಬೀಸುತ್ತಾರೆ, ಆ ಜನರಲ್ಲಿ ಇವಳೂ ಒಬ್ಬಳು. ಎಲ್ಲ ಸೇರಿ ನಾಲ್ಕು ಸೆಕೆಂಡು. ಸಿನಿಮಾ ಬಂದಾಗ ಅದನ್ನು ನೋಡಿದವರು ಕಡಿಮೆ. ಹತ್ತಾರು ವರ್ಷದ ಮೇಲೆ ತಿಳಿದವರು ಅದನ್ನು ಹೊಗಳಲು ಶುರು ಮಾಡಿದರು, ಟೀವಿಯಲ್ಲಿ ಆಗೀಗ ಬರತೊಡಗಿತು. ಬಂದಾಗಲೆಲ್ಲ ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದು, ಪರದೆಯ ಎಡಮೂಲೆಗೆ ಬೆರಳಿಡುತ್ತಿದ್ದಳು. “ಕಂಬದ ಪಕ್ಕ ನೋಡಿ. ಹಳದಿ ಸ್ವೆಟರು. ಅದೇ ನಾನು.”

ಅಲ್ಲಿ ಕಾಣುತ್ತಿದ್ದದ್ದು ಹೆಸರುಕಾಳಿನಷ್ಟು ಹಳದಿ ಚುಕ್ಕೆ.

“ಅದು ನೀನೋ, ಯಾರೋ ಒಣಗಲು ಹಾಕಿದ ಬಟ್ಟೆಯೋ?” ಎಂದು ಅಕ್ಕ ಮೊದಲ ಸಲ ಕೇಳಿದಳು. ಮುಂದೆ ಅದೇ ಅವಳ ಹೆಸರಾಯಿತು. “ಹಳದಿ ಚುಕ್ಕೆ, ಸ್ವಲ್ಪ ಉಪ್ಪು ಕೊಡೇ.” “ಹಳದಿ ಚುಕ್ಕೆಯವರು ಇವತ್ತು ಶೂಟಿಂಗಿಗೆ ರಜಾನಾ?” ಎಲ್ಲರೂ ನಗುತ್ತಿದ್ದರು, ಹೆಂಡತಿಯೂ ನಗುತ್ತಿದ್ದಳು. ಆದರೆ ಆ ವಯಸ್ಸಿನ ಅವಳ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ತವರಿನವರು ಮನೆ ಬದಲಾಯಿಸುವಾಗ ಮದುವೆ ಆಲ್ಬಮ್ಮೂ ಸೇರಿ ಫೋಟೋಗಳೆಲ್ಲ ಇದ್ದ ಟ್ರಂಕೇ ಕಳೆದುಹೋಗಿತ್ತು. “ಒಂದೇ ಒಂದು ಸಲ ಆ ಚುಕ್ಕೇಲಿ ನನ್ನ ಮುಖ ಕಾಣಬೇಕು ರೀ,” ಎಂದು ಒಮ್ಮೆ ಬಟ್ಟೆ ಮಡಿಸುತ್ತಾ ಹೇಳಿದ್ದಳು. “ಅತ್ತಿಗೆಗೆ ತೋರಿಸೋಕೆ ಅಂತಲ್ಲ. ಅದೂ ಇದೆ ಅನ್ನಿ. ಆದ್ರೆ ನಾನು ಹೇಗಿದ್ದೆ ಅಂತ ನನಗೇ ಮರೆತುಹೋಗಿದೆ.” ಆ ಮಾತು ಲೆನ್ಸಪ್ಪನ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಹೀಗಿರುವಾಗ ಹೊಸ ಡಿಸ್ಕುಗಳು ಬಂದವು. ಡಿವಿಡಿಗಿಂತ ಐದಾರು ಪಟ್ಟು ಸ್ಪಷ್ಟ, ಹೀರೋ ಕೆನ್ನೆಯ ಮೇಲೆ ಗಡ್ಡದ ಕೂದಲು ಎಣಿಸಬಹುದು ಎಂದು ಜಾಹೀರಾತು. ಹಳೆಯ ಸಿನಿಮಾಗಳನ್ನೂ ತೊಳೆದು ಬಳಿದು ಅದರಲ್ಲಿ ತರುತ್ತಾರಂತೆ. ಹೆಂಡತಿ ಜಾಹೀರಾತಿನ ಹಾಳೆಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆದರೆ ಹಣೆಬರಹ ನೋಡಿ, ಇಲ್ಲೂ ಎರಡು ಥರ! ಒಂದು ಕೆಂಪು ಡಬ್ಬಿಯಲ್ಲಿ ಬರುವುದು, ಒಂದು ನೀಲಿ ಡಬ್ಬಿಯಲ್ಲಿ. ಕೆಂಪಿನ ಡಿಸ್ಕು ನೀಲಿಯ ಯಂತ್ರಕ್ಕಾಗದು, ನೀಲಿಯದು ಕೆಂಪಿಗಾಗದು. ಒಂದಿಷ್ಟು ಸಿನಿಮಾ ಕಂಪನಿಗಳು ಈ ಕಡೆ, ಒಂದಿಷ್ಟು ಆ ಕಡೆ, ಎರಡು ಕಡೆಯವರೂ ಗೆಲ್ಲುವುದು ನಾವೇ ಎಂದು ಎದೆ ತಟ್ಟಿಕೊಳ್ಳುವವರೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವಂತೆ, ಕೊಳ್ಳುವವನ ಪಾಡು ಯಾರಿಗೂ ಬೇಡ.

ಲೆನ್ಸಪ್ಪನಿಗೆ ಇಸ್ತ್ರಿ ಸ್ಟ್ಯಾಂಡು ಕನಸಿನಲ್ಲಿ ಬರತೊಡಗಿತು. ಕುರ್ಚಿಯಲ್ಲಿ ಕೂತ ಗಿರಾಕಿಗಳನ್ನೆಲ್ಲ, ಅಕ್ಷರ ಓದಿಸಿ ಮುಗಿಸಿದ ಮೇಲೆ, “ಅದಿರಲಿ, ಕೆಂಪು ಗೆಲ್ಲುತ್ತೋ ನೀಲಿಯೋ?” ಎಂದು ವಿಚಾರಿಸಿದ. ನಿವೃತ್ತ ಜಡ್ಜು, ಸಾಕ್ಷ್ಯ ಸಾಲದು, ವಿಚಾರಣೆ ಮುಂದೂಡಿ ಅಂದರು. ಬಸ್ ಡ್ರೈವರು, “ಕೆಂಪು ಅಂದ್ರೆ ನಿಲ್ಲಬೇಕು ಸಾರ್, ಅಷ್ಟೇ ನನಗೆ ಗೊತ್ತು,” ಅಂದ. ನಲ್ಲಿ ರಿಪೇರಿಯವನು, “ಪೈಪು ಯಾವುದಾದ್ರೇನು, ನೀರು ಬಂದ್ರೆ ಸರಿ,” ಅಂದ. ಲೆನ್ಸಪ್ಪನಿಗೆ ಎಲ್ಲರ ಮಾತೂ ಸರಿ ಅನ್ನಿಸಿತು, ಅದೇ ಅವನ ಕಾಯಿಲೆ.

ಕೊನೆಗೆ ಹತ್ತೊಂಬತ್ತು ವರ್ಷದ ಮಗಳೇ ಅಪ್ಪ ಅಮ್ಮನನ್ನು ಮಾರ್ಕೆಟ್ ರಸ್ತೆಯ ದೊಡ್ಡ ಟೀವಿ ಅಂಗಡಿಗೆ ಎಳೆದುಕೊಂಡು ಹೋದಳು. ಅಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಎರಡು ದೊಡ್ಡ ಟೀವಿಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ಕೆಂಪು ಡಿಸ್ಕು, ಇನ್ನೊಂದರಲ್ಲಿ ನೀಲಿ ಡಿಸ್ಕು ಹಾಕಿದ. ಲೆನ್ಸಪ್ಪ ತನ್ನ ಕಸುಬು ಬಿಡಲಿಲ್ಲ. ಅಂಗಡಿಯಲ್ಲಿ ಮಾಡುವ ಹಾಗೆ ಹೆಜ್ಜೆಯಿಂದ ದೂರ ಅಳೆದು, ನೆಲದ ಟೈಲ್ಸಿನ ಮೇಲೆ ಗುರುತು ಮಾಡಿ, ಹೆಂಡತಿಯನ್ನು ಅಲ್ಲಿ ನಿಲ್ಲಿಸಿದ.

“ಈಗ ಹೇಳು. ಮೊದಲನೇದಾ, ಎರಡನೇದಾ?”

“ಎರಡೂ ಒಂದೇ ಥರ ಇದೆಯಲ್ಲ ರೀ.”

“ನಮ್ಮನೆ ಟೀವಿಗಿಂತ ಹೇಗಿದೆ?”

ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. “ಅದೂ ಇದೇ ಥರಾನೇ.”

“ಅಮ್ಮಾ! ಹುಲ್ಲಿನ ಮೇಲೆ ಇರುವೆ ಹೋಗ್ತಿರೋದು ಕಾಣ್ತಿದೆ!” ಎಂದು ಮಗಳು ಕೂಗಿದಳು. ಆದರೆ ಲೆನ್ಸಪ್ಪನಿಗೆ ಬೇಕಾಗಿದ್ದ ತೀರ್ಪು ಸಿಕ್ಕಿಯಾಗಿತ್ತು. “ನಿಮ್ಮಮ್ಮಂಗೇ ವ್ಯತ್ಯಾಸ ಕಾಣಿಸ್ತಿಲ್ಲ ಅಂದ್ಮೇಲೆ ಆತುರ ಏನಿದೆ? ಆತುರಗಾರನಿಗೆ ಬುದ್ಧಿ ಮಟ್ಟ,” ಎಂದು ಹಗುರಾಗಿ ಉಸಿರು ಬಿಟ್ಟು ಹೊರಗೆ ಬಂದ. ಬಸ್‌ಸ್ಟಾಪಿನಲ್ಲಿ ಹೆಂಡತಿ ಎಂದಿನಂತೆ ಮಗಳನ್ನು ಕೇಳಿದಳು, “ಯಾವ ನಂಬರು ಬರ್ತಿರೋದು, ನೋಡೇ?” ಮನೆಗೆ ಹೋದ ಮೇಲೆ ಫ್ರಿಜ್ಜಿನ ಬಾಗಿಲಿನಿಂದ ಆ ಹಾಳೆಯನ್ನು ಕಿತ್ತು ಮಡಿಸಿ, ಡಬ್ಬಿಯೊಂದರ ತಳಕ್ಕೆ ಹಾಸಿದಳು. ಅದನ್ನು ಮಗಳು ನೋಡಿದಳು, ಲೆನ್ಸಪ್ಪ ನೋಡಲಿಲ್ಲ.

ಒಂದೂವರೆ ವರ್ಷ ಕಳೆಯಿತು. ಆಮೇಲೆ ಒಂದು ಶನಿವಾರ ಬೆಳಗ್ಗೆ ಪೇಪರಿನಲ್ಲಿ ಬಂತು: ಕೆಂಪಿನವರು ಸೋಲೊಪ್ಪಿಕೊಂಡರು, ಇನ್ನು ಮೇಲೆ ಆ ಯಂತ್ರವೂ ಇಲ್ಲ, ಡಿಸ್ಕೂ ಇಲ್ಲ. ಲೆನ್ಸಪ್ಪನಿಗೆ ಲಾಟರಿ ಹೊಡೆದಷ್ಟು ಆನಂದ. ಕುರ್ಚಿಯಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದ ಗಿರಾಕಿಗೆ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದ. “ತಾಳಿದವನು ಬಾಳಿಯಾನು ಅಂತ ಸುಮ್ನೆ ಹೇಳಿದ್ದಾರಾ? ಬದುಕಲ್ಲಿ ಮೊದಲನೇ ಸಲ ಗೆದ್ದವರ ಕಡೆ ಇದೀನಿ ನೋಡಿ!” ಆ ಗಿರಾಕಿಯನ್ನು ಕಳಿಸಿ, ಅಂಗಡಿಯ ಬಾಗಿಲಿಗೆ ಈಗ ಬರುತ್ತೇನೆ ಎಂಬ ಹಲಗೆ ಸಿಕ್ಕಿಸಿ, ನೀಲಿ ಯಂತ್ರ ತರಲು ಎದೆಯುಬ್ಬಿಸಿಕೊಂಡು ಹೊರಟ.

ಟೀವಿ ಅಂಗಡಿಯಲ್ಲಿ ಅದೇ ಟೈ ಸೇಲ್ಸ್‌ಮನ್ ಇದ್ದ. ಅವನು ನೀಲಿ ಯಂತ್ರ ತರಲು ಒಳಗೆ ಹೋದಾಗ ಲೆನ್ಸಪ್ಪ ಸುಮ್ಮನೆ ನಿಲ್ಲಲಾರದೆ ಬಾಗಿಲ ಬಳಿಯ ಬುಟ್ಟಿಗೆ ಕೈ ಹಾಕಿದ. ತಂತಿಯ ಬುಟ್ಟಿ, ಮಾರಾಟವಾಗದೆ ಉಳಿದ ಕೆಂಪು ಡಬ್ಬಿಗಳ ರಾಶಿ. ಒಂದೊಂದೇ ತಿರುವುತ್ತಾ ಹೋದವನ ಕೈ ಒಂದು ಕಡೆ ನಿಂತಿತು. ಡಬ್ಬಿಯ ಮೇಲೆ ರೈಲು, ಪ್ಲಾಟ್‌ಫಾರಂ, ಕಿಟಕಿಯಲ್ಲಿ ಹೀರೋನ ಮುಖ.

“ಇದು... ಇದು ನೀಲೀಲಿ ಯಾವಾಗ ಬರುತ್ತೆ?” ಎಂದು, ನೀಲಿ ಯಂತ್ರ ತಂದು ಮೇಜಿನ ಮೇಲಿಟ್ಟ ಸೇಲ್ಸ್‌ಮನ್‌ನನ್ನು ಕೇಳಿದ.

ಟೈಯವನು ಡಬ್ಬಿಯನ್ನು ತಿರುಗಿಸಿ ನೋಡಿದ. “ಹಳೇ ಪಿಕ್ಚರ್ ಸಾರ್. ಇದನ್ನ ಮಾಡಿದವರು ಕೆಂಪಿನ ಕಡೆಯವರು. ನೀಲೀಲಿ ಬಂದ್ರೂ ಬರಬಹುದು, ಹತ್ತು ವರ್ಷ ಆದ್ರೂ ಆಗಬಹುದು. ಬರದೇನೂ ಇರಬಹುದು. ಇಂಥದ್ದನ್ನ ಎಷ್ಟು ಜನ ಕೇಳ್ತಾರೆ ಹೇಳಿ?”

ಲೆನ್ಸಪ್ಪ ಬುಟ್ಟಿಯ ಅಂಚು ಹಿಡಿದು ನಿಂತ. ಒಂದು ಕೈಯಲ್ಲಿ ಕೆಂಪು ಡಬ್ಬಿ, ಎದುರಿಗೆ ಮೇಜಿನ ಮೇಲೆ ಗೆದ್ದ ನೀಲಿ ಯಂತ್ರ. ಇನ್ನೂ ಕಾಯಬಹುದು. ಕಾಯುವುದು ಅವನಿಗೆ ಕರತಲಾಮಲಕ. ಆಗ ಅವನಿಗೆ ನೆನಪಾದದ್ದು ಬಟ್ಟೆ ಮಡಿಸುತ್ತಾ ಕೂತಿದ್ದ ಹೆಂಡತಿ. ನಾನು ಹೇಗಿದ್ದೆ ಅಂತ ನನಗೇ ಮರೆತುಹೋಗಿದೆ ಅಂದವಳು. ಅವಳಿಗೆ ಈಗ ನಲವತ್ತೇಳು. ಇನ್ನು ಹತ್ತು ವರ್ಷ ಅಂದರೆ ಐವತ್ತೇಳು.

“ಕೆಂಪು ಯಂತ್ರ ಇದೆಯೇನಪ್ಪಾ?”

ಟೈಯವನು ಸುತ್ತ ನೋಡಿ ದನಿ ತಗ್ಗಿಸಿದ. “ಸಾರ್, ಮಾರೋನಾಗಿ ಇದನ್ನ ನಾನು ಹೇಳಬಾರದು. ಅದು ಹೋದ ಮಾಲು. ಪೇಪರ್ ನೋಡ್ಲಿಲ್ವಾ? ಇನ್ನು ಒಂದೇ ಒಂದು ಡಿಸ್ಕೂ ಬರಲ್ಲ.”

“ನನಗೆ ಒಂದೇ ಸಾಕು,” ಅಂದ ಲೆನ್ಸಪ್ಪ.

ಭಾನುವಾರ ಊಟವಾದ ಮೇಲೆ ಎಲ್ಲರೂ ಟೀವಿಯ ಮುಂದೆ ಕೂತರು. ಹಳೆಯ ಟೀವಿ ಕೆಟ್ಟಾಗ ಮಗಳು ಹಟ ಹಿಡಿದು ಕೊಡಿಸಿದ್ದ ದೊಡ್ಡ ಚಪ್ಪಟೆ ಟೀವಿ. ಅದರ ಕೆಳಗೆ ಕೂತಿದ್ದ ಹೊಸ ಯಂತ್ರವನ್ನು ನೋಡಿ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

“ಲೋ, ಇದು ಸೋತಿದ್ದಲ್ವೇನೋ? ನೆನ್ನೆ ತಾನೇ ಪೇಪರಲ್ಲಿತ್ತು!”

“ಹೌದಕ್ಕ. ಗೊತ್ತಿದ್ದೇ ತಂದೆ.”

“ದೇವರೇ. ಇಸ್ತ್ರಿಪೆಟ್ಟಿಗೆಗೆ ಎರಡನೇ ಮಹಡಿ ಕಟ್ತಿದೀಯಾ?” ಎಂದಳು. ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಈ ಮನುಷ್ಯ ಸೋಲು ಅಂತ ಗೊತ್ತಿದ್ದೂ ಒಂದು ಕೆಲಸಕ್ಕೆ ಕೈ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅವನ ಪಕ್ಕ ಕೂತಳು.

ಚಿತ್ರ ಶುರುವಾಯಿತು. ಎಂಥ ಚಿತ್ರ! ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ರೈಲಿನ ಬೋಗಿಯ ಮೇಲೆ ಮೊಳೆಗಳು ಕಂಡವು, ಹೀರೋನ ಕಾಲರಿನಲ್ಲಿ ಹೊಲಿಗೆ ಬಿಟ್ಟದ್ದು ಕಂಡಿತು. ಸ್ಟೇಷನ್ ಬಂತು. ಜನ ಕೈಯೆತ್ತಿದರು. ಮಗಳು ತಟ್ಟನೆ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದಳು. ನಾಲ್ವರ ಕಣ್ಣೂ ಎಡಮೂಲೆಯ ಕಂಬದ ಪಕ್ಕಕ್ಕೆ ಹೋದವು.

ಕಂಬದ ಪಕ್ಕದಲ್ಲಿ, ಸ್ಪಷ್ಟವಾಗಿ, ಗಾಜಿನ ಮುಖ ಹೊತ್ತು, ಕೆಳಗೆ ಕಾಲಿಡುವ ಕಬ್ಬಿಣದ ಹಲಗೆ ಚಾಚಿಕೊಂಡು ಒಂದು ಹಳದಿ ಬಣ್ಣದ ತೂಕದ ಯಂತ್ರ ನಿಂತಿತ್ತು.

ಮೊದಲು ಅಕ್ಕನ ನಗು ಹೊರಟಿತು, ಮೈದಾನದ ಆ ತುದಿಗೂ ಕೇಳುವಂಥದ್ದು. “ಅಯ್ಯೋ, ತೂಕದ ಮೆಷಿನ್ನು! ಇಷ್ಟು ವರ್ಷ ತೂಕದ ಮೆಷಿನ್ನಿಗೆ ತಮ್ಮನ ಹೆಂಡತಿ ಅಂತ ಮರ್ಯಾದೆ ಕೊಟ್ಟಿದೀನಲ್ಲೋ!” ಮಗಳು ತಡೆಯಲಾರದೆ ದಿಂಬಿಗೆ ಮುಖ ಒತ್ತಿಕೊಂಡಳು. ಲೆನ್ಸಪ್ಪನಿಗೂ ನಗು ಬಂತು, ಬಂದದ್ದು ಅರ್ಧದಲ್ಲೇ ನಿಂತಿತು. ಹೆಂಡತಿ ನಗುತ್ತಿರಲಿಲ್ಲ. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಪರದೆಯನ್ನೇ ನೋಡುತ್ತಿದ್ದಳು.

“ಯಾವ ಮೆಷಿನ್ನು?” ಅಂದಳು ಮೆಲ್ಲಗೆ. “ನನಗೆ ಈಗ್ಲೂ ಅದು ಹುಡುಗಿ ಥರಾನೇ ಕಾಣ್ತಿದೆ.”

ನಗು ನಿಂತುಹೋಯಿತು. ಹೆಂಡತಿಯ ಮೂಗಿನ ಮೇಲಿದ್ದ ಕನ್ನಡಕವನ್ನು ಲೆನ್ಸಪ್ಪ ಅವತ್ತು ಮೊದಲ ಸಲ ನೋಡುವವನಂತೆ ನೋಡಿದ. ಅದನ್ನು ಮಾಡಿಕೊಟ್ಟು ಎಷ್ಟು ವರ್ಷವಾಯಿತು? ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಗ. ಏಳು ವರ್ಷ! ಗಿರಾಕಿಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಚೀಟಿ ಬರೆದುಕೊಡುವವನು ಮನೆಯೊಳಗಿನ ಎರಡು ಕಣ್ಣನ್ನು ಮರೆತಿದ್ದ. ಪುಸ್ತಕದ ಚೀಟಿ ಹತ್ತಿರದ ಕೆಲಸ, ಅದಕ್ಕೇನೂ ತೊಂದರೆಯಾಗಿರಲಿಲ್ಲ. ದೂರದ್ದೆಲ್ಲ ಅವಳಿಗೆ ಮಸುಕು. ಎರಡೂ ಒಂದೇ ಥರ ಇದೆ ಅಂದಾಗ ಅವನು ಅದನ್ನು ಅಭಿಪ್ರಾಯ ಅಂದುಕೊಂಡ. ಬೇರೆ ಯಾರೇ ಅಂದಿದ್ದರೂ ಕೈಹಿಡಿದು ಕುರ್ಚಿಗೆ ಕೂರಿಸುತ್ತಿದ್ದ. ಬಸ್ಸಿನ ನಂಬರನ್ನು ಅವಳು ಯಾಕೆ ಯಾವಾಗಲೂ ಮಗಳನ್ನೇ ಕೇಳುತ್ತಿದ್ದಳು ಅನ್ನುವುದೂ ಈಗ ಹೊಳೆಯಿತು. ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಇವನ ಮನೆಯಲ್ಲಿ ಅದು ಏಳು ವರ್ಷದಿಂದ ಕೂತು ಉಂಡೆದ್ದು ಓಡಾಡಿಕೊಂಡಿತ್ತು.

“ನೀನು ನನಗೆ ಹೇಳಬಾರದಾಗಿತ್ತೇನೇ?”

“ಟೀವೀನೇ ಹಾಗೆ ಅಂದ್ಕೊಂಡಿದ್ದೆ,” ಅಂದಳು ಅವಳು. “ನೀವು ಕನ್ನಡಕದವರು. ಏನಾದ್ರೂ ಆಗಿದ್ರೆ ನಿಮಗೇ ಗೊತ್ತಾಗುತ್ತೆ ಅಂತ.”

ಅದಕ್ಕಿಂತ ದೊಡ್ಡ ಏಟು ಲೆನ್ಸಪ್ಪನಿಗೆ ಬಿದ್ದಿರಲಿಲ್ಲ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಅಂಗಡಿಗೆ ಓಡಿದ. ಕಾಲು ಗಂಟೆಯಲ್ಲಿ ಮರದ ಲೆನ್ಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದ. ಹೆಂಡತಿಯನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ಟ್ರಯಲ್ ಫ್ರೇಮು ಹಾಕಿ, ಅಕ್ಷರದ ಹಲಗೆಯ ಬದಲು ಟೀವಿಯಲ್ಲಿ ನಿಂತಿದ್ದ ಚಿತ್ರವನ್ನೇ ತೋರಿಸಿ ಪರೀಕ್ಷೆ ಶುರು ಮಾಡಿದ.

“ಮೊದಲನೇದಾ, ಎರಡನೇದಾ?”

“ಎರಡನೇದು.”

“ಇದಾ, ಇದಾ?”

“ಈಗಿಂದು. ಹಾಂ, ಈಗಿಂದೇ.”

ಅವನಂತೆ ಅವಳು ಅಳೆದು ಸುರಿದು ಮಾಡುವವಳಲ್ಲ, ಕೇಳಿದ ತಕ್ಷಣ ಉತ್ತರ. ಏಳೆಂಟು ಗಾಜು ಬದಲಾಗುವಷ್ಟರಲ್ಲಿ ಅವಳು ತಟ್ಟನೆ ಕೈಯೆತ್ತಿದಳು.

“ಅಯ್ಯೋ, ಹೌದಲ್ರೀ! ತೂಕದ ಮೆಷಿನ್ನೇ!”

ಈ ಸಲ ಮೊದಲು ನಕ್ಕವಳು ಅವಳೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ನಗು ಇಳಿದ ಮೇಲೆ ನೀರು ಉಳಿಯಿತು. “ಅಂದ್ರೆ ನಾನು ಇದರಲ್ಲಿ ಇಲ್ವೇ ಇಲ್ಲ,” ಅಂದಳು. “ಕತ್ತರಿಸಿಬಿಟ್ಟಿರ್ತಾರೆ. ಇರಲಿ ಬಿಡಿ. ಪಾಪ, ನೀವು ಸೋತಿದ್ದನ್ನ ಬೇರೆ ತಂದ್ರಿ.”

ಇಷ್ಟು ವರ್ಷದಲ್ಲಿ ಮೊದಲ ಸಲ ಅಕ್ಕನಿಗೂ ಆ ಚುಕ್ಕೆ ಹುಡುಗಿಯಾಗಿರಬಾರದಿತ್ತೇ ಅನ್ನಿಸಿತು.

ಲೆನ್ಸಪ್ಪ ಬಿಡಲಿಲ್ಲ. “ನೀನು ಕಂಬದ ಹತ್ತಿರಾನೇ ನಿಂತಿದ್ದೆ ಅಂತ ಹೇಗೆ ಹೇಳ್ತೀಯ?”

“ಮೊದಲು ಅಲ್ಲೇ ನಿಲ್ಲಿಸಿದ್ರು. ಆಮೇಲೆ ಎರಡನೇ ಸಲ, ಮೂರನೇ ಸಲ ತೆಗೆದಾಗ ಯಾರೋ ತೋಳು ಹಿಡಿದು ಆಕಡೆ ಈಕಡೆ ತಳ್ಳಿದ್ರು. ಎಲ್ಲಿಗೆ ಅಂತ ನನಗೇನು ಕಾಣಿಸ್ತಿತ್ತು? ಹಳೇ ಕಾಲದ ಕಥೆ, ಹಳ್ಳಿ ಹುಡುಗೀರು ಕನ್ನಡಕ ಹಾಕಲ್ಲ, ತೆಗೀರಿ ಅಂದಿದ್ರು. ತೆಗೆದು ಕೈಯಲ್ಲಿ ಇಟ್ಕೊಂಡಿದ್ದೆ.”

“ಕೈಯಲ್ಲಿ,” ಎಂದ ಲೆನ್ಸಪ್ಪ.

ಮುಂದಿನದನ್ನು ಬೇರೆ ಯಾವ ಕಸುಬಿನವನೂ ಮಾಡುತ್ತಿರಲಿಲ್ಲ. ಅವನು ಮುಖ ಹುಡುಕುವುದನ್ನು ಬಿಟ್ಟು ಕನ್ನಡಕ ಹುಡುಕಲು ಶುರು ಮಾಡಿದ. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಹಲಗೆಯ ಅಕ್ಷರ ಓದುವ ಹಾಗೆ ಕೈಗಳನ್ನು ಮಾತ್ರ ನೋಡುತ್ತಾ ಹೋದ. ಬೀಸುವ ಕೈ, ಕರವಸ್ತ್ರದ ಕೈ, ಬುಟ್ಟಿ ಹಿಡಿದ ಕೈ. ಮಗಳು ಒಂದೊಂದು ಚೂರೇ ಚಿತ್ರ ಮುಂದಕ್ಕೆ ಬಿಡುತ್ತಿದ್ದಳು. ಬಲತುದಿಯಲ್ಲಿ ಮೆಟ್ಟಿಲುಗಳಿದ್ದವು. ಅಲ್ಲಿ ದಪ್ಪ ಮನುಷ್ಯನೊಬ್ಬ ಪಕ್ಕಕ್ಕೆ ಸರಿದ. ಅವನ ಹಿಂದಿನಿಂದ ಒಂದು ಮುಷ್ಟಿ ಕಂಡಿತು, ಎದೆಗೆ ಒತ್ತಿಕೊಂಡದ್ದು. ಮುಷ್ಟಿಯಿಂದ ಹೊರಗೆ ಚಾಚಿದ್ದು ಕಂದು ಬಣ್ಣದ ಫ್ರೇಮು, ಮೂಲೆಯಲ್ಲಿ ಚಿಕ್ಕ ಬಿಳಿ ನಕ್ಷತ್ರ.

“ನಿಲ್ಲಿಸು!” ಎಂದು ಕಿರುಚಿದ ಲೆನ್ಸಪ್ಪ. “ಆ ಫ್ರೇಮು ನನಗೆ ಗೊತ್ತು. ಅದನ್ನ ಮೂರು ದಿನ ನನ್ನ ಜೇಬಲ್ಲಿ ಇಟ್ಕೊಂಡು ಓಡಾಡಿದೀನಿ!”

ಫ್ರೇಮಿನ ಹಿಂದೆ ಹಳದಿ ಸ್ವೆಟರು. ಸ್ವೆಟರಿನ ಮೇಲೆ ಮುಖ. ಎರಡು ಜಡೆ, ಅರ್ಧ ತೆರೆದ ಬಾಯಿ, ಎಲ್ಲಿ ನೋಡಬೇಕೆಂದು ತಿಳಿಯದ ದೊಡ್ಡ ಕಣ್ಣು.

“ಅಪ್ಪಾ,” ಅಂದಳು ಮಗಳು, “ಅದು ನನ್ನ ಥರ ಇದೆ.”

ಪ್ಲಾಟ್‌ಫಾರಮ್ಮಿನ ಜನವೆಲ್ಲ ಎಡಕ್ಕೆ ತಿರುಗಿ ರೈಲಿಗೆ ಕೈ ಬೀಸುತ್ತಿದ್ದರು. ಈ ಹುಡುಗಿ ಒಬ್ಬಳು ಮಾತ್ರ ಬಲಕ್ಕೆ ತಿರುಗಿ, ಖಾಲಿ ಗೋಡೆಯೊಂದಕ್ಕೆ ಬಹಳ ಪ್ರೀತಿಯಿಂದ ಕೈ ಬೀಸುತ್ತಿದ್ದಳು.

ಅಕ್ಕ ಎದ್ದು ಬಂದು ಪರದೆಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. “ಊರೆಲ್ಲ ರೈಲಿಗೆ ಟಾಟಾ ಮಾಡ್ತಿದ್ರೆ ಇವಳೊಬ್ಬಳು ಗೋಡೆಗೆ ಮಾಡ್ತಿದ್ದಾಳೆ,” ಎಂದು ಮೂಗು ಏರಿಸಿದಳು. “ಇವಳೇ. ಅನುಮಾನಾನೇ ಇಲ್ಲ.” ಆಮೇಲೆ ತಮ್ಮನ ಹೆಂಡತಿಯ ತಲೆ ಸವರಿ, “ಎಷ್ಟು ಮುದ್ದಾಗಿದ್ದೆಯೇ,” ಎಂದಳು. ಆ ಗಂಟಲಿನಿಂದ ಅಷ್ಟು ಮೆತ್ತಗಿನ ಮಾತು ಬಂದದ್ದನ್ನು ಆ ಮನೆ ಕೇಳಿರಲಿಲ್ಲ.

ಹೆಂಡತಿ ಮೂಗಿನ ಮೇಲೆ ಆ ಭಾರದ ಫ್ರೇಮು ಹೊತ್ತುಕೊಂಡೇ ಟೀವಿಯ ಬಳಿ ಬಂದು, ಹುಡುಗಿಯ ಕೆನ್ನೆಯ ಮೇಲೆ ಬೆರಳಿಟ್ಟಳು. ಇಷ್ಟು ವರ್ಷ ಬೆರಳಿಟ್ಟದ್ದು ಪರದೆಯ ಇನ್ನೊಂದು ತುದಿಗೆ.

“ಕಡ್ಡಿ ಇನ್ನೂ ಮುರಿದಿಲ್ಲ,” ಎಂದ ಲೆನ್ಸಪ್ಪ, ಅವಳ ಪಕ್ಕ ಮಂಡಿಯೂರಿ. “ನೋಡು, ನೆಟ್ಟಗಿದೆ. ಬಸ್ಸಲ್ಲಿ ಮುರೀತು ಅಂದಿದ್ದೆ?”

“ಬಸ್ಸಲ್ಲಲ್ಲ ರೀ. ಈ ದಪ್ಪ ಮನುಷ್ಯ ಇದಾನಲ್ಲ, ಇವನ ಮೊಣಕೈ ತಾಗಿ ಬಿತ್ತು. ಸಿನಿಮಾಕ್ಕೆ ಹೋಗಿದ್ದೆ ಅಂತ ಅಪ್ಪನಿಗೆ ಗೊತ್ತಾದ್ರೆ ಅಂತ ಬಸ್ಸು ಅಂದೆ. ಮನೇಲೂ ಅದೇ ಅಂದಿದ್ದೆ, ನಿಮ್ಮ ಅಂಗಡೀಲೂ ಅದೇ ಬಾಯಿಗೆ ಬಂತು.”

ಲೆನ್ಸಪ್ಪ ಆ ದಪ್ಪ ಮನುಷ್ಯನನ್ನು ನೋಡಿದ. ಕೋಟು, ಮೀಸೆ, ಮೇಲೇಳುತ್ತಿರುವ ಮೊಣಕೈ. ಪುಣ್ಯಾತ್ಮ. ಇನ್ನೊಂದು ಗಳಿಗೆಯಲ್ಲಿ ಕಡ್ಡಿ ಮುರಿಯುತ್ತದೆ, ಹುಡುಗಿ ದಾರ ಸುತ್ತಿದ ಕನ್ನಡಕ ಹಿಡಿದು ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಅವನಿಗೆ ಸಂತೋಷದಿಂದ ಕಣ್ಣು ತುಂಬಿಬಂತು, ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ.

“ಸರಿ, ಈಗಾದ್ರೂ ಹೇಳು,” ಎಂದ ಮೂಗು ಎಳೆಯುತ್ತಾ. “ಕೆಂಪಾ, ನೀಲಿನಾ?”

“ಸುಮ್ನಿರಿ,” ಅಂದಳು ಹೆಂಡತಿ. ಮಗಳ ಕಡೆ ತಿರುಗಿದಳು. “ಮುಂದಕ್ಕೆ ಬಿಡೇ. ಅವತ್ತು ರೈಲು ಎಲ್ಲಿದೆ ಅಂತಾನೇ ನನಗೆ ಕಾಣಿಸ್ಲಿಲ್ಲ.”

ಮಗಳು ಗುಂಡಿ ಒತ್ತಿದಳು. ರೈಲು ಸಿಳ್ಳೆ ಹಾಕಿ ಹೊರಟಿತು. ಹೆಂಡತಿ ಟ್ರಯಲ್ ಫ್ರೇಮನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಬಲಗೈ ಎತ್ತಿ ಬೀಸಿದಳು, ಈ ಸಲ ರೈಲಿನ ಕಡೆಗೇ.